ತಲೆ ನೋಡಿದ್ದು ಸಾಕು, ಬುಡ ನೋಡಿ: ಕಾಡಿನ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ಕಾಡು ನೋಡಿಕೊಳ್ಳುವ ಅಧಿಕಾರಿಗಳಿಗೆ, ಹಾಗೆಯೇ ಕಾಡಿನ ಅಂಚಿನಲ್ಲಿ ನಿಂತು "ಅಯ್ಯೋ, ಮರವೆಲ್ಲ ಹೋಯ್ತು" ಎಂದು ಅವರಿಗೆ ಫೋನ್ ಮಾಡುವ ನಮ್ಮಂಥವರಿಗೂ,

ನಮಸ್ಕಾರ.

ತೇಗದ ನೆಡುತೋಪಿನಲ್ಲಿ ಮೊದಲ ಮಳೆ ಬಿದ್ದ ಹತ್ತು ಹದಿನೈದು ದಿನಕ್ಕೆ ಎಂದಾದರೂ ಓಡಾಡಿದ್ದೀರಾ? ಚಿಗುರು ಆಗಷ್ಟೇ ಅಗಲವಾಗಿರುತ್ತದೆ. ಒಳಗೆ ಕಾಲಿಟ್ಟರೆ ಜಿನುಗು ಮಳೆಯ ಸದ್ದು. ತಲೆ ಎತ್ತಿದರೆ ಮೋಡವೇ ಇಲ್ಲ. ಅಂಗೈ ಚಾಚಿ ನಿಂತರೆ ಬೀಳುವುದು ನೀರಲ್ಲ, ಸಾಸಿವೆಯಂಥ ಕಪ್ಪು ಹಿಕ್ಕೆ. ಮೇಲೆ ಲಕ್ಷಗಟ್ಟಲೆ ಹುಳ ಮೇಯುತ್ತಿರುತ್ತವೆ. ನಾನು ಮೊದಲ ಸಲ ಈ ಸದ್ದು ಕೇಳಿದಾಗ ಕೊಡೆ ತೆಗೆದಿದ್ದೆ!

ಒಂದು ಎಲೆ ಬಗ್ಗಿಸಿ ನೋಡಿ. ಹುಳ ಎಲೆಯ ಅಂಚಿನಲ್ಲಿ ಒಂದು ತುಂಡು ಕತ್ತರಿಸಿ, ಅದನ್ನು ತನ್ನ ಮೇಲೆಯೇ ಮಡಚಿಕೊಂಡು, ನೂಲು ಹಾಕಿ ಹೊಲಿದುಕೊಂಡಿರುತ್ತದೆ. ಅದೇ ಅದರ ಮನೆ, ಅದೇ ಊಟ. ಹೈಬ್ಲಿಯಾ ಪ್ಯುಯೆರಾ ಎಂಬ ಪತಂಗದ ಮರಿ ಅದು. ಕೆಲವೇ ದಿನಗಳಲ್ಲಿ ದಪ್ಪ ನರಗಳಷ್ಟೇ ಉಳಿದು, ತೋಪಿಗೆ ತೋಪೇ ಬೇಸಿಗೆಗೆ ವಾಪಸ್ ಹೋದಂತೆ ಕಾಣುತ್ತದೆ.

ಆಮೇಲೆ ಏನಾಗುತ್ತದೆ ಎಂದು ನಿಮಗೂ ಗೊತ್ತು, ನಮಗೂ ಗೊತ್ತು. ಫೋಟೋ ಓಡಾಡುತ್ತದೆ. ಫೋನ್ ಬರುತ್ತದೆ. ಕಡತ ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ. ಕೊನೆಗೊಂದು ದಿನ ಔಷಧಿ ಹೊಡೆಯುವವರು ಬರುತ್ತಾರೆ. ಅಷ್ಟು ಹೊತ್ತಿಗೆ ಹುಳ ಎಲ್ಲಿರುತ್ತದೆ? ಅದು ಮರಿಯಾಗಿ ತಿನ್ನುವುದೇ ಹೆಚ್ಚುಕಡಿಮೆ ಎರಡು ವಾರ. ಹೊಟ್ಟೆ ತುಂಬಿದ ಮೇಲೆ ನೂಲು ಹಿಡಿದು ಕೆಳಗಿಳಿದು, ತರಗೆಲೆಯ ಅಡಿಯಲ್ಲಿ ಕೋಶವಾಗಿ ಮಲಗುತ್ತದೆ. ನಾನೇ ಒಂದು ಕಡೆ ನಿಂತು ನೋಡಿದ್ದೇನೆ. ಬೋಳು ಕೊಂಬೆಗಳಿಗೆ ಔಷಧಿ ಬೀಳುತ್ತಿತ್ತು, ಕಾಲಡಿಯಲ್ಲಿ ಕೋಶಗಳು ಆರಾಮಾಗಿದ್ದವು. ಹೊಡೆಯುತ್ತಿದ್ದ ಹುಡುಗನಿಗೂ ಅದು ಗೊತ್ತಿತ್ತು. "ಬಂದಿದ್ದೀವಲ್ಲ ಸಾರ್, ಹೊಡೀದೆ ಹೋದ್ರೆ ಬಯ್ತಾರೆ" ಎಂದ.

ಮೂರ್ನಾಲ್ಕು ವಾರ ಬಿಟ್ಟು ಅದೇ ತೋಪಿಗೆ ಹೋದರೆ ಮರ ಮತ್ತೆ ಚಿಗುರಿರುತ್ತದೆ. ಔಷಧಿ ಬಿದ್ದ ಮರವೂ ಚಿಗುರಿರುತ್ತದೆ, ಬೀಳದ ಮರವೂ ಚಿಗುರಿರುತ್ತದೆ.

ಈ ಪತ್ರದಲ್ಲಿ ನಾನು ಕೇಳಿಕೊಳ್ಳುವುದು ಒಂದೇ ವಿಷಯ. ಮರದ ತಲೆ ಬೋಳಾದಾಗ ಇಡೀ ಊರೇ ಗಾಬರಿಯಾಗುತ್ತದೆ. ಹುಳ ಒಳಗಿಂದ ಕೊರೆದು ಬುಡದಲ್ಲಿ ಒಂದು ಹಿಡಿ ಪುಡಿ ಬಿದ್ದಾಗ ಯಾರೂ ಬಗ್ಗಿ ನೋಡುವುದಿಲ್ಲ. ಆದರೆ ಮರ ಸಾಯುವುದು ಬಹಳ ಸಲ ಈ ಎರಡನೆಯದರಿಂದ.

ಹಾಗಂತ ಎಲೆ ತಿನ್ನುವ ಹುಳ ಏನೂ ಮಾಡುವುದಿಲ್ಲ ಎಂದು ಹೇಳುತ್ತಿಲ್ಲ. ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ನಿಲಂಬೂರಿನಲ್ಲಿ ಎಳೆಯ ತೇಗದ ತೋಪನ್ನು ಹಿಡಿದು ವರ್ಷಾನುಗಟ್ಟಲೆ ಅಳೆದರು. ಕೆಲವು ಮರಗಳನ್ನು ಹುಳದಿಂದ ಕಾಪಾಡಿದರು, ಕೆಲವನ್ನು ಹಾಗೇ ಬಿಟ್ಟರು. ಬಿಟ್ಟ ಮರಗಳು ಸಾಯಲಿಲ್ಲ. ಆದರೆ ಬೆಳೆಯಬೇಕಿದ್ದ ನಾಟಾದಲ್ಲಿ ಶೇಕಡಾ 44ರಷ್ಟು ಬೆಳೆಯಲೇ ಇಲ್ಲ. ಕಾಂಡಕ್ಕೆ ಹೋಗಬೇಕಿದ್ದ ಶಕ್ತಿಯೆಲ್ಲ ಮತ್ತೆ ಎಲೆ ಮಾಡಲು ಹೋಯಿತು. ಇದು ಕಣ್ಣಿಗೆ ಕಾಣದ ನಷ್ಟ. ಸಾವಲ್ಲ, ಸೊರಗು.

ಅದೇ ಸಂಸ್ಥೆಯವರು ಇನ್ನೊಂದು ವಿಷಯ ತೋರಿಸಿಕೊಟ್ಟರು. ನನ್ನ ಮಟ್ಟಿಗೆ 44ಕ್ಕಿಂತ ಇದೇ ದೊಡ್ಡದು. ಈ ಹುಳ ಒಂದೇ ಸಲಕ್ಕೆ ಇಡೀ ತೋಪಿನ ಮೇಲೆ ಬೀಳುವುದಿಲ್ಲ. ಮುಂಗಾರಿಗೆ ಮುಂಚಿನ ಮಳೆ ಬಿದ್ದ ಮೇಲೆ ಅಲ್ಲೊಂದು ಇಲ್ಲೊಂದು ಸಣ್ಣ ಜಾಗದಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ. ಅಲ್ಲಿ ಬೆಳೆದ ಪತಂಗಗಳು ಗುಂಪಾಗಿ ಹಾರಿ ಮುಂದಿನ ಜಾಗ ಹಿಡಿಯುತ್ತವೆ. ಅಂದರೆ ಆ ಮೊದಲ ಸಣ್ಣ ಜಾಗಗಳನ್ನು ಯಾರಾದರೂ ಹೋಗಿ ನೋಡಿದರೆ, ಅಲ್ಲಿಗಷ್ಟೇ ಔಷಧಿ ಸಾಕು. ಅದೂ ವಿಷ ಬೇಕಾಗಿಲ್ಲ. ಈ ಹುಳಕ್ಕೆ ಮಾತ್ರ ತಗಲುವ ಒಂದು ವೈರಸ್ ಇದೆ, ಅದನ್ನೇ ಬೆಳೆಸಿ ಎಳೆ ಮರಿಗಳ ಮೇಲೆ ಸಿಂಪಡಿಸಬಹುದು ಎಂದೂ ಅವರು ತೋರಿಸಿದರು. ರೋಗ ಹಿಡಿದ ಹುಳ ಒಳಗೇ ಕರಗಿ, ಒಡೆದು, ಪಕ್ಕದ ಎಲೆಗೂ ರೋಗ ಹಚ್ಚಿ ಸಾಯುತ್ತದೆ. ಹೇಸಿಗೆ ಅನಿಸಿದರೂ ಅಚ್ಚುಕಟ್ಟಾದ ಕೆಲಸ. ಆದರೆ ಹುಳ ಬಲಿತ ಮೇಲೆ ಅದೂ ಅಷ್ಟು ನಾಟುವುದಿಲ್ಲ.

ತೇಗದಲ್ಲೇ ಇನ್ನೊಂದು ಹುಳ ಬರುತ್ತದೆ, ಮಳೆಗಾಲ ಮುಗಿಯುವ ಹೊತ್ತಿಗೆ. ಇದು ಸಣ್ಣ ನರವನ್ನೂ ಬಿಟ್ಟು ನಡುವಿನ ಹಸಿರನ್ನಷ್ಟೇ ಕೆರೆದು ತಿನ್ನುತ್ತದೆ. ಎಲೆ ಜರಡಿಯಂತಾಗಿ, ಕಂದಾಗಿ, ದೂರದಿಂದ ನೋಡಿದರೆ ಬೆಂಕಿ ಬಿದ್ದಂತೆ ಕಾಣುತ್ತದೆ. ಫೋನ್ ಜಾಸ್ತಿ ಬರುವುದು ಇದಕ್ಕೇ ಇರಬೇಕು. ಆದರೆ ಆಗ ಮರದ ಆ ವರ್ಷದ ಬೆಳವಣಿಗೆ ಹೆಚ್ಚುಕಡಿಮೆ ಮುಗಿದಿರುತ್ತದೆ. ಹೇಗೂ ಉದುರಲಿದ್ದ ಎಲೆ ಅದು. ನೋಡಲು ಭಯಂಕರ, ನಷ್ಟ ಕಡಿಮೆ.

ಎಲ್ಲ ಮರಕ್ಕೂ ಈ ಮಾತು ಅನ್ವಯಿಸುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಪೈನ್, ಸ್ಪ್ರೂಸ್‌ನಂಥ ಸೂಜಿ ಎಲೆಯ ಮರಗಳ ಎಲೆ ಪೂರ್ತಿ ಹೋದರೆ ಒಂದೇ ಸಲಕ್ಕೆ ಸತ್ತರೂ ಸತ್ತವು. ಅಗಲ ಎಲೆಯ ಮರವೂ ಎರಡು ಮೂರು ವರ್ಷ ಬಿಡದೆ ಬೋಳಾದರೆ ಸುಸ್ತಾಗುತ್ತದೆ. ಆ ಸುಸ್ತಿನ ವಾಸನೆ ಹಿಡಿದು ಬರುವವರು ಬೇರೆಯೇ ಇದ್ದಾರೆ.

ಈಗ ಅವರ ಕಡೆ ಬರೋಣ. ತೊಗಟೆಯ ಒಳಗೆ ಇರುವವರು.

ಮರದ ಊಟ ಎಲೆಯಲ್ಲಿ ತಯಾರಾಗಿ, ತೊಗಟೆಯ ಒಳಪದರದಲ್ಲಿ ಬೇರಿಗಿಳಿಯುತ್ತದೆ. ತೆಳ್ಳನೆಯ, ಒದ್ದೆಯಾದ, ಸಿಹಿಯಾದ ಪದರ. ಅದನ್ನು ಸುತ್ತಲೂ ಕತ್ತರಿಸಿದರೆ ಎಷ್ಟೇ ದೊಡ್ಡ ಮರವಾದರೂ ನಿಂತಲ್ಲೇ ಉಪವಾಸ ಬೀಳುತ್ತದೆ. ತೊಗಟೆ ಜೀರುಂಡೆಗಳು ಮಾಡುವುದು ಇದನ್ನೇ. ಯುರೋಪಿನ ಸ್ಪ್ರೂಸ್ ಮರಕ್ಕೆ ಬರುವ ಜೀರುಂಡೆಗೆ ಜರ್ಮನ್ನರು 'ಪುಸ್ತಕ ಮುದ್ರಕ' ಎಂದು ಹೆಸರಿಟ್ಟಿದ್ದಾರೆ. ತೊಗಟೆ ಎಬ್ಬಿಸಿ ಒಳಮೈ ನೋಡಿದರೆ ಆ ಹೆಸರು ಯಾಕೆ ಬಂತೆಂದು ತಿಳಿಯುತ್ತದೆ. ನಡುವೆ ಉದ್ದಕ್ಕೆ ತಾಯಿ ಕೊರೆದ ಗೆರೆ. ಅದರ ಎರಡೂ ಬದಿಗೆ ಮರಿಗಳು ಕೊರೆದ ಸಣ್ಣ ಸಣ್ಣ ಸಾಲುಗಳು. ಪ್ರತಿ ಸಾಲೂ ಮೊದಲು ದಾರದಷ್ಟು ಸಣ್ಣಗಿದ್ದು, ಮರಿ ಬೆಳೆದಂತೆ ಅಗಲವಾಗುತ್ತಾ ಹೋಗಿರುತ್ತದೆ. ತೆರೆದಿಟ್ಟ ಪುಸ್ತಕದ ಎರಡು ಪುಟ ನೋಡಿದ ಹಾಗೆ. ಇಷ್ಟು ಚೆಂದದ ಕೆತ್ತನೆ ಮರದ ಮರಣಪತ್ರ ಎನ್ನುವುದು ಬೇಜಾರಿನ ವಿಷಯ.

ಮಧ್ಯ ಯುರೋಪಿನಲ್ಲಿ 2018ರ ಬರಗಾಲದ ನಂತರ ಈ ಹುಳದಿಂದ ಸತ್ತ ಸ್ಪ್ರೂಸ್ ಕಾಡುಗಳ ಚಿತ್ರ ನೀವೂ ನೋಡಿರಬಹುದು. ಅಕ್ಕಿಕಾಳಿನಷ್ಟು ಹುಳ ಅಷ್ಟು ದೊಡ್ಡ ಮರವನ್ನು ಕೆಡವುವುದು ಹೇಗೆ? ಒಂದರಿಂದ ಆಗುವುದಿಲ್ಲ. ನೀರುಂಡ ಮರಕ್ಕೆ ಒಂದು ಜೀರುಂಡೆ ಬಾಯಿ ಹಾಕಿದರೆ ಮರ ರಾಳ ಸುರಿಸಿ ಅದನ್ನು ಮುಳುಗಿಸುತ್ತದೆ. ಬಾಯಾರಿದ ಮರದಲ್ಲಿ ರಾಳ ಎಲ್ಲಿಂದ ಬರಬೇಕು? ಒಳಗೆ ಹೊಕ್ಕ ಮೊದಲ ಕೆಲವು ಜೀರುಂಡೆ ವಾಸನೆ ಬಿಟ್ಟು ಉಳಿದವರನ್ನು ಕರೆಯುತ್ತವೆ. ಸಾವಿರ ಬಂದರೆ ಗಟ್ಟಿಮರವೂ ಸೋಲುತ್ತದೆ. ಜೊತೆಗೆ ಅವು ಮೈಮೇಲೆ ಶಿಲೀಂಧ್ರ ಹೊತ್ತು ತರುತ್ತವೆ. ಅದು ನೀರು ಏರುವ ದಾರಿಯನ್ನೂ ಕಟ್ಟುತ್ತದೆ. ಮೇಲಿಂದ ಊಟ ಇಳಿಯುವುದಿಲ್ಲ, ಕೆಳಗಿಂದ ನೀರು ಏರುವುದಿಲ್ಲ.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 1990ರ ದಶಕದ ಕೊನೆಯಿಂದ ಪೈನ್ ಜೀರುಂಡೆ ಸುಮಾರು 1 ಕೋಟಿ 80 ಲಕ್ಷ ಹೆಕ್ಟೇರ್ ಕಾಡಿನಲ್ಲಿ ಹರಡಿತು. ಮೊದಲು ಅಲ್ಲಿನ ಕಡುಚಳಿ, ಅಂದರೆ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿ, ತೊಗಟೆಯೊಳಗಿನ ಮರಿಗಳನ್ನು ಕೊಲ್ಲುತ್ತಿತ್ತು. ಚಳಿಗಾಲ ಬೆಚ್ಚಗಾಯಿತು. ಮೇಲಾಗಿ ದಶಕಗಳ ಕಾಲ ಬೆಂಕಿ ಬೀಳದಂತೆ ಕಾದುಕೊಂಡು ಬಂದದ್ದರಿಂದ ಒಂದೇ ವಯಸ್ಸಿನ ಮುದಿ ಪೈನ್ ಮರಗಳು ಸಾಲಾಗಿ ನಿಂತಿದ್ದವು. ಹುಳಕ್ಕೆ ಎಲೆ ಹಾಕಿ ಬಡಿಸಿಟ್ಟ ಹಾಗೆ.

ನಮ್ಮ ದೇಶದ ಕಥೆಯೂ ಇದೆ. ಸಾಲ್ ಮರದ ತಿರುಳು ಕೊರೆಯುವ ಉದ್ದ ಮೀಸೆಯ ಜೀರುಂಡೆ. 1920ರ ದಶಕದಲ್ಲಿ ಮಧ್ಯ ಭಾರತದ ಮಂಡ್ಲಾ ಕಡೆ ಲಕ್ಷಾಂತರ ಮರ ತಿಂದಿತು. 1990ರ ದಶಕದ ಕೊನೆಗೆ ಅದೇ ಭಾಗದಲ್ಲಿ ಮತ್ತೆ ಎದ್ದಿತು. ಮೊದಲ ಮಳೆಗೆ ಜೀರುಂಡೆ ಮರದಿಂದ ಹೊರಗೆ ಬರುತ್ತದೆ, ತೊಗಟೆಯ ಮೇಲೆ ಮೊಟ್ಟೆ ಇಡುತ್ತದೆ. ಮರಿ ಒಳಗೆ ಹೊಕ್ಕು ಚೇಗಿನ ತನಕ ಕೊರೆಯುತ್ತದೆ. ಆಗ ಬುಡದಲ್ಲಿ ಗರಗಸದ ಪುಡಿಯಂಥದ್ದು ಗುಡ್ಡೆ ಬೀಳುತ್ತದೆ. ಆ ಗುಡ್ಡೆ ಎಷ್ಟಿದೆ ಎಂದು ನೋಡಿಯೇ ಅಲ್ಲಿನ ಅರಣ್ಯದವರು ಮರಕ್ಕೆ ದರ್ಜೆ ಕೊಡುತ್ತಾರೆ, ಇದು ಉಳಿಯುತ್ತದೆ, ಇದು ಹೋಗುತ್ತದೆ ಅಂತ.

ಅಲ್ಲಿ ಮಾಡುವ ಒಂದು ಉಪಾಯ ನನಗೆ ಬಹಳ ಇಷ್ಟ. ಗಾಯವಾದ ಸಾಲ್ ಮರದ ರಸ ಎಂದರೆ ಈ ಜೀರುಂಡೆಗೆ ಪ್ರಾಣ. ಮಳೆ ಶುರುವಾದ ಕೂಡಲೇ ಒಂದು ಮರ ಕಡಿದು, ತುಂಡು ಮಾಡಿ, ತೊಗಟೆಯನ್ನು ಜಜ್ಜಿ ನಾರು ನಾರು ಮಾಡಿ ಇಡುತ್ತಾರೆ. ವಾಸನೆಗೆ ಜೀರುಂಡೆಗಳು ಹಾರಿ ಬಂದು ರಸ ಕುಡಿದು ಮತ್ತೇರಿದಂತೆ ಬಿದ್ದಿರುತ್ತವೆ. ಊರವರು ಹೋಗಿ ಕೈಯಲ್ಲೇ ಆರಿಸಿ ಕೊಲ್ಲುತ್ತಾರೆ, ಲೆಕ್ಕ ಹಾಕಿ ಕೂಲಿ ತೆಗೆದುಕೊಳ್ಳುತ್ತಾರೆ. ವಿಷ ಬೇಡ, ಯಂತ್ರ ಬೇಡ. ಬೇಕಾದದ್ದು ಸರಿಯಾದ ವಾರಕ್ಕೆ ಸರಿಯಾಗಿ ಹೋಗುವುದು. ತಡವಾದರೆ ಮೊಟ್ಟೆ ಇಟ್ಟು ಮುಗಿದಿರುತ್ತದೆ.

ಎಲ್ಲದಕ್ಕೂ ಮರ ದುರ್ಬಲವಾದದ್ದೇ ಕಾರಣ ಎಂದು ನಾನೂ ತುಂಬಾ ದಿನ ಅಂದುಕೊಂಡಿದ್ದೆ. ಅದು ಪೂರ್ತಿ ನಿಜವಲ್ಲ. ಹುಳ ಹೊರಗಿನಿಂದ ಬಂದದ್ದಾದರೆ ಲೆಕ್ಕವೇ ಬೇರೆ. ಏಷ್ಯಾದ ಪಚ್ಚೆ ಬಣ್ಣದ ಆಶ್ ಕೊರಕ 2002ರಲ್ಲಿ ಅಮೆರಿಕದ ಡೆಟ್ರಾಯಿಟ್ ಹತ್ತಿರ ಮೊದಲು ಪತ್ತೆಯಾಯಿತು. ಪತ್ತೆಯಾಗುವ ಹೊತ್ತಿಗೆ ಅದು ಬಂದು ವರ್ಷಗಳೇ ಆಗಿದ್ದವು. ಅಲ್ಲಿನ ಆಶ್ ಮರಗಳು ಈ ಹುಳವನ್ನು ಜನ್ಮದಲ್ಲಿ ಕಂಡಿರಲಿಲ್ಲ, ಹೋರಾಡಲು ಗೊತ್ತಿರಲಿಲ್ಲ. ಗಟ್ಟಿಮುಟ್ಟಾದವೂ ಕೋಟಿಗಟ್ಟಲೆ ಸತ್ತವು. ಹುಳ ಹೊರಬಿದ್ದ ತೂತು ಅರ್ಧಚಂದ್ರದ ಆಕಾರ, ಮೂರ್ನಾಲ್ಕು ಮಿಲಿಮೀಟರ್ ಅಗಲ ಅಷ್ಟೇ. ಎಷ್ಟೋ ಕಡೆ ಮನುಷ್ಯರಿಗಿಂತ ಮೊದಲು ಅದನ್ನು ಕಂಡುಹಿಡಿದದ್ದು ಮರಕುಟಿಗ. ಅದು ತೊಗಟೆ ಕೆತ್ತಿದ ಜಾಗ ಬಿಳಿಚಿಕೊಂಡು ದೂರಕ್ಕೇ ಕಾಣುತ್ತದೆ.

ಆ ಹುಳ ಸಾಗರ ದಾಟಿ ಬಂದದ್ದು ಸರಕಿನ ಮರದ ಪೆಟ್ಟಿಗೆ, ಹಲಗೆಗಳಲ್ಲಿ ಇರಬೇಕು ಎನ್ನುತ್ತಾರೆ. ಊರಿಂದ ಊರಿಗೆ ಹರಡಿದ್ದಕ್ಕೆ ಜನ ಕಾರಿನ ಹಿಂದೆ ಹಾಕಿಕೊಂಡು ಹೋದ ಸೌದೆಯೂ ಒಂದು ಕಾರಣ. ಈಗ ದೇಶದಿಂದ ದೇಶಕ್ಕೆ ಹೋಗುವ ಪ್ಯಾಕಿಂಗ್ ಮರಕ್ಕೆ ನಿಯಮ ಇದೆ. ಒಳಗಿನ ತಿರುಳೂ 56 ಡಿಗ್ರಿ ಬಿಸಿಯಲ್ಲಿ 30 ನಿಮಿಷ ಇರಬೇಕು, ಇಲ್ಲದಿದ್ದರೆ ಒಪ್ಪಿದ ಬೇರೆ ಉಪಚಾರ ಆಗಬೇಕು, ಮೇಲೆ ಗೋಧಿ ತೆನೆಯ ಮುದ್ರೆ ಬೀಳಬೇಕು. ಮುಂದಿನ ಸಲ ಎಲ್ಲಾದರೂ ಸರಕಿನ ಹಲಗೆ ಕಂಡರೆ ಆ ಮುದ್ರೆ ಹುಡುಕಿ. ಬಂದರಿನಲ್ಲಿ ಈ ಮುದ್ರೆ ನೋಡುವ ಗುಮಾಸ್ತನೂ ಒಂದು ಲೆಕ್ಕದಲ್ಲಿ ಕಾಡು ಕಾಯುವವನೇ.

ಮದ್ದು ಹೊಡೆಯುವ ಅವಸರದ ಬಗ್ಗೆ ಇನ್ನೊಂದು ಹಳೆಯ ಕಥೆ. 1860ರ ದಶಕದ ಕೊನೆಯಲ್ಲಿ ತ್ರುವೆಲೊ ಎಂಬ ಚಿತ್ರಕಾರ ಅಮೆರಿಕದ ಮೆಡ್‌ಫರ್ಡ್‌ನಲ್ಲಿ ರೇಷ್ಮೆ ಪ್ರಯೋಗಕ್ಕೆಂದು ಯುರೋಪಿನ ಸ್ಪಾಂಜಿ ಪತಂಗ ತರಿಸಿ ಸಾಕಿದ. ಕೆಲವು ತಪ್ಪಿಸಿಕೊಂಡವು. ಈಗಲೂ ಅಲ್ಲಿನ ಓಕ್ ಕಾಡುಗಳನ್ನು ಬೋಳಿಸುತ್ತಿವೆ. ಅದನ್ನು ಹತೋಟಿಗೆ ತರಲು 1906ರಿಂದ ಒಂದು ಪರಾವಲಂಬಿ ನೊಣ ಬಿಟ್ಟರು. ಆ ನೊಣ ಸ್ಪಾಂಜಿ ಪತಂಗ ಒಂದಕ್ಕೇ ನಿಲ್ಲಲಿಲ್ಲ. ನೂರಕ್ಕೂ ಹೆಚ್ಚು ಬಗೆಯ ಬೇರೆ ಹುಳಗಳ ಮೇಲೆ ಬಿತ್ತು, ಅಲ್ಲಿನ ದೊಡ್ಡ ಕಾಡುರೇಷ್ಮೆ ಪತಂಗಗಳನ್ನೂ ತಿಂದಿತು. ಆಮೇಲೆ 1950ರ ದಶಕದಲ್ಲಿ ವಿಮಾನದಿಂದ ಡಿಡಿಟಿ ಸುರಿದರು. ಪತಂಗ ಹೋಗಲಿಲ್ಲ. ಕೊನೆಗೆ 1989ರಲ್ಲಿ ಒಂದು ಶಿಲೀಂಧ್ರ ಎದ್ದು ಆ ಹುಳಗಳನ್ನು ರಾಶಿ ರಾಶಿ ಕೊಂದಿತು, ಅದೂ ಯಾರೂ ಎದುರು ನೋಡದೇ ಇದ್ದಾಗ. ಔಷಧಿ ಹೊಡೆಯಲೇಬಾರದು ಅಂತಲ್ಲ. ಆದರೆ ಹುಳ ತಿನ್ನುವ ಹುಳ, ಹಕ್ಕಿ, ಕಣಜ ಎಲ್ಲವೂ ಅದೇ ಕೊಂಬೆಯ ಮೇಲಿರುತ್ತವೆ. ಒಂದು ಸಲ ಸುರಿದರೆ ಅವೂ ಹೋದವು, ಮುಂದಿನ ಪೀಳಿಗೆಯ ಹುಳಕ್ಕೆ ಕೇಳುವವರೇ ಇರುವುದಿಲ್ಲ.

ಇನ್ನು ಕಡಿಯುವ ವಿಷಯ. ಇದು ನಿಮಗೆ ಸ್ವಲ್ಪ ಕಹಿ ಅನಿಸಬಹುದು.

ಹುಳ ಒಳಗಿರುವಾಗ, ಅವು ಹೊರಗೆ ಹಾರುವ ಮುಂಚೆ ಮರ ಕಡಿದು ಸಾಗಿಸಿದರೆ ಅಥವಾ ತೊಗಟೆ ಸುಲಿದರೆ ಪ್ರಯೋಜನ ಉಂಟು. ಅದಕ್ಕೆ ವಾರಗಳ ಲೆಕ್ಕ ಬೇಕು. ಹುಳ ಹಾರಿಹೋದ ಮೇಲೆ, ಪೂರ್ತಿ ಒಣಗಿ ನಿಂತ ಮರವನ್ನು "ಕೀಟಬಾಧೆ ತಡೆಯಲು" ಎಂದು ಬರೆದು ಕಡಿಯುವುದರಲ್ಲಿ ಕೀಟದ ಬಾಧೆ ಏನೂ ತಪ್ಪುವುದಿಲ್ಲ. ಅದು ಬರೀ ನಾಟಾ ವ್ಯವಹಾರ. ಹಾಗೆಂದೇ ಬರೆದುಕೊಳ್ಳಿ, ತಪ್ಪೇನಿಲ್ಲ. ಹುಳದ ಹೆಸರು ಯಾಕೆ? ಪೋಲೆಂಡಿನ ಬಿಯಾವೊವಿಯೆಝಾ ಎಂಬ ಹಳೆಯ ಕಾಡಿನಲ್ಲಿ ಅಲ್ಲಿನ ಸರ್ಕಾರ 2016ರಲ್ಲಿ ಇದೇ ಪುಸ್ತಕ ಮುದ್ರಕ ಜೀರುಂಡೆಯ ನೆಪ ಹೇಳಿ ಕಡಿತ ಹೆಚ್ಚಿಸಿತು. 2018ರ ಏಪ್ರಿಲ್‌ನಲ್ಲಿ ಯುರೋಪಿನ ನ್ಯಾಯಾಲಯ ಅದು ಕಾನೂನಿಗೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಒಣಮರದಲ್ಲಿ ಮರಕುಟಿಗ ಗೂಡು ಮಾಡುತ್ತದೆ, ಹುಳ ತಿನ್ನುವ ಜೀರುಂಡೆಗಳು ಚಳಿಗಾಲ ಕಳೆಯುತ್ತವೆ. ಅದನ್ನು ಕಡಿದರೆ ಕಾವಲುಗಾರರ ಮನೆಯನ್ನೇ ಕೆಡವಿದಂತೆ.

ಹೊಸದಾಗಿ ನೆಡುವಾಗಲೂ ಇದೇ ಅವಸರ ಕಾಣುತ್ತದೆ. ಚೆನ್ನಾಗಿ ಬೆಳೆಯುತ್ತದೆ ಎಂದು ಒಂದೇ ತಾಯಿಮರದ ತುಂಡು ತುಂಡು ಮಾಡಿ ಸಾವಿರಾರು ಎಕರೆ ನೀಲಗಿರಿ ನೆಟ್ಟೆವು. 2000ದ ಆಸುಪಾಸಿನಲ್ಲಿ ಆಸ್ಟ್ರೇಲಿಯಾ ಮೂಲದ ಒಂದು ಪುಟಾಣಿ ಕಣಜ ದೇಶದಿಂದ ದೇಶಕ್ಕೆ ಹರಡಿತು. ಎಲೆಯ ನರದಲ್ಲಿ, ತೊಟ್ಟಿನಲ್ಲಿ ಮೊಟ್ಟೆ ಇಟ್ಟು ಗಂಟು ಗಂಟು ಮಾಡಿತು. ಎಳೆ ಗಿಡ ಸುರುಟಿ ನಿಂತುಹೋಯಿತು. ಒಂದು ಗಿಡಕ್ಕೆ ಅದನ್ನು ತಡೆಯುವ ಶಕ್ತಿ ಇರಲಿಲ್ಲ ಎಂದರೆ ಆ ತೋಪಿನ ಯಾವ ಗಿಡಕ್ಕೂ ಇರಲಿಲ್ಲ, ಎಲ್ಲ ಒಂದೇ ಅಲ್ವಾ! ಮಹಾಗನಿಯದ್ದು ಇನ್ನೊಂದು ಬಗೆ. ಕುಡಿಕೊರಕ ಬಂದು ನೆತ್ತಿಯ ಕುಡಿಯನ್ನೇ ತಿನ್ನುತ್ತದೆ. ಮರ ಸಾಯುವುದಿಲ್ಲ, ಕವಲೊಡೆದು ಪೊದೆಯಂತಾಗುತ್ತದೆ. ಇಪ್ಪತ್ತು ವರ್ಷ ಕಾದವನಿಗೆ ಸಿಗುವುದು ಸೌದೆ. ಬೇರೆ ಮರಗಳ ನಡುವೆ, ಪಕ್ಕದ ನೆರಳಿನಲ್ಲಿ ಬೆಳೆದ ಮಹಾಗನಿಗೆ ಈ ಕಾಟ ಎಷ್ಟೋ ಕಡಿಮೆ.

ಹಾಗಾದರೆ ನಿಮ್ಮಿಂದ ಏನು ಬೇಕು? ಹೊಸ ಯಂತ್ರ ಕೇಳುತ್ತಿಲ್ಲ, ದೊಡ್ಡ ಯೋಜನೆಯೂ ಬೇಡ. ಔಷಧಿಗೆ ಇಟ್ಟ ದುಡ್ಡಿನಲ್ಲಿ ಒಂದು ಪಾಲನ್ನು ನೋಡುವ ಕೆಲಸಕ್ಕೆ ಕೊಡಿ. ಕಾಡು ಸುತ್ತುವ ಗಾರ್ಡು, ವಾಚರುಗಳಿಗೆ ಒಂದು ಚಾಕು, ಒಂದು ಭೂತಕನ್ನಡಿ, ಒಂದು ನೋಟ್‌ಬುಕ್ ಕೊಡಿ. ಬುಡದಲ್ಲಿ ಬಿದ್ದ ಪುಡಿ ಓದುವುದನ್ನು ಎರಡು ದಿನ ಕೂರಿಸಿ ಹೇಳಿಕೊಡಿ. ಹಿಟ್ಟಿನಂಥ ನುಣುಪು ಪುಡಿ ಒಣ ಮರ ತಿನ್ನುವ ಹುಳದ್ದು. ನಾರು ನಾರಾಗಿ ಒರಟಾಗಿದ್ದರೆ ಉದ್ದ ಮೀಸೆಯ ಜೀರುಂಡೆಯ ಮರಿ. ತೊಗಟೆಯಿಂದ ಹಲ್ಲುಕಡ್ಡಿಯಂತೆ ಪುಡಿಯ ಕಡ್ಡಿ ಹೊರಗೆ ಚಾಚಿದ್ದರೆ ಅದು ಒಳಗೆ ಶಿಲೀಂಧ್ರದ ಬೇಸಾಯ ಮಾಡುವ ಜೀರುಂಡೆ. ಇವರಲ್ಲಿ ಎಷ್ಟೋ ಜನಕ್ಕೆ ಇದು ಆಗಲೇ ಗೊತ್ತು. ಕೇಳುವವರಿಲ್ಲ, ಬರೆದುಕೊಳ್ಳುವವರಿಲ್ಲ, ಅಷ್ಟೇ. ಅವರು ಬರೆದು ತಂದ ದಿನವೇ ಮೇಲಿನವರು ಓದಬೇಕು. ಮೂರು ಸಹಿ ಬೀಳುವ ತನಕ ಹುಳ ಕಾಯುವುದಿಲ್ಲ.

ನಮ್ಮಂಥವರಿಗೂ ಒಂದು ಮಾತು. ಬೋಳು ತೋಪಿನ ಫೋಟೋ ಹಾಕಿ ಬಯ್ಯುವ ಮುಂಚೆ ಒಂದು ತಿಂಗಳು ಬಿಟ್ಟು ಅದೇ ಜಾಗದ ಇನ್ನೊಂದು ಫೋಟೋ ತೆಗೆಯೋಣ. ಪ್ರವಾಸಕ್ಕೆ ಹೋದ ಕಡೆಯಿಂದ ತೊಗಟೆ ಸಮೇತ ಕಟ್ಟಿಗೆ ಹೊತ್ತು ತರುವುದು ಬೇಡ. ಬೇಲಿ ಗೂಟಕ್ಕೋ ಬೋರ್ಡಿಗೋ ಎಂದು ನಿಂತ ಮರಕ್ಕೆ ಮೊಳೆ ಹೊಡೆದು, ಮಚ್ಚು ಆಡಿಸಿ ಗಾಯ ಮಾಡುವುದನ್ನೂ ಬಿಡೋಣ. ಆ ಗಾಯದ ವಾಸನೆ ನಮಗೆ ಬರುವುದಿಲ್ಲ, ಬರಬೇಕಾದವರಿಗೆ ಬರುತ್ತದೆ.

ಮುಂದಿನ ಸಲ ಮೊದಲ ಮಳೆ ಬಿದ್ದ ತಾರೀಖು ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುತ್ತೇನೆ. ಅಲ್ಲಿಂದ ಹತ್ತನೇ ದಿನ ತೋಪಿನೊಳಗೆ ಯಾರು ಹೋಗಿದ್ದರು, ಎಷ್ಟು ಮರದ ಬುಡ ನೋಡಿದರು ಎಂದು ಒಂದು ಕಾಗದ ಬರೆದು ಕೇಳುತ್ತೇನೆ. ಒಂದು ಸಾಲಿನ ಉತ್ತರ ಬಂದರೂ ಸಾಕು.

ಇಂತಿ,
ಕೊಡೆ ಹಿಡಿದು ಮರದ ಕೆಳಗೆ ನಿಂತಿದ್ದ ಒಬ್ಬ ಓದುಗ